ಹಲ್ಲಿ ಬಿದ್ದ ಫಲ, ಒಹಾಯೋ ಪಂಚಾಂಗ

ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗಳು 2024ರಲ್ಲಿ ಜೂನ್ ಮುಗಿಯುವವರೆಗೂ ಶನಿವಾರ, ಭಾನುವಾರ ಮನೆಯಲ್ಲಿ ಇರಲಿಲ್ಲ. ಸಂತೆಯ ಬಾಗಿಲಲ್ಲಿ, ಲೈಬ್ರರಿಯ ಮೆಟ್ಟಿಲ ಮೇಲೆ ರಟ್ಟಿನ ಪ್ಯಾಡ್ ಹಿಡಿದು ನಿಂತು ಬಂದವರ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಪೆನ್ನಿಗೆ ದಾರ ಕಟ್ಟಿ ಪ್ಯಾಡಿಗೆ ಗಂಟು ಹಾಕಿದ್ದಳು. ಪ್ರಜಾಪ್ರಭುತ್ವ ಉಳಿಸಲು ಬಂದವರೂ ಪೆನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರಂತೆ.

"ಏನಮ್ಮಾ ನಿಮ್ಮ ಬೇಡಿಕೆ?" ಅಂತ ಫೋನಿನಲ್ಲಿ ಕೇಳಿದೆ.

"ಮಾಮ, ಮತಕ್ಷೇತ್ರದ ಗೆರೆ ಎಳೆಯೋ ಕೆಲಸ ರಾಜಕಾರಣಿಗಳ ಕೈಯಿಂದ ಕಿತ್ಕೊಂಡು ಜನರ ಕೈಗೆ ಕೊಡಬೇಕು. ಹದಿನೈದು ಜನ. ಐದು ರಿಪಬ್ಲಿಕನ್, ಐದು ಡೆಮಾಕ್ರಟ್, ಐದು ಯಾವ ಪಕ್ಷಕ್ಕೂ ಸೇರದವರು. ಅಧಿಕಾರದಲ್ಲಿರೋರು, ಲಾಬಿ ಮಾಡೋರು ಯಾರೂ ಬರೋ ಹಾಗಿಲ್ಲ."

"ಹಾಗಾದ್ರೆ ಅಲ್ಲಿ ಕಾಫಿ, ಬೋಂಡಾ ತರಿಸೋರು ಯಾರು?" ಅಂದೆ. ಅವಳಿಗೆ ನಗು ಬರಲಿಲ್ಲ.

ನಗುವ ಸ್ಥಿತಿಯಲ್ಲಿ ಒಹಾಯೋ ಇರಲಿಲ್ಲ. 2011ರಲ್ಲಿ ಅಲ್ಲಿನ ಆಳುವ ರಿಪಬ್ಲಿಕನ್ ಪಕ್ಷದವರು ನಕ್ಷೆ ಬರೆಯಲು ಹೋಟೆಲಿನಲ್ಲೊಂದು ರೂಮು ಹಿಡಿದಿದ್ದರು. ಬಾಡಿಗೆ ಸರ್ಕಾರದ ದುಡ್ಡು. ರೂಮಿಗೆ ಅವರೇ ಇಟ್ಟುಕೊಂಡ ಹೆಸರು 'ಬಂಕರ್'. ಬಾಂಬು ಬೀಳುವಾಗ ಜನ ಬಂಕರಿನೊಳಗೆ ಅಡಗುತ್ತಾರೆ. ಇಲ್ಲಿ ಒಳಗೆ ಕೂತವರೇ ಬಾಂಬು ತಯಾರಿಸುತ್ತಿದ್ದರು. ಮರುವರ್ಷ ಒಹಾಯೋ ಮತದಾರರು ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟ್ ಪಕ್ಷದ ಒಬಾಮಾ ಅವರನ್ನು ಗೆಲ್ಲಿಸಿದರು. ಅದೇ ದಿನ, ಅದೇ ಮತದಾರರು, ಕಾಂಗ್ರೆಸ್ಸಿನ (ಅದು ಅಲ್ಲಿನ ಸಂಸತ್ತು) 16 ಸೀಟುಗಳಲ್ಲಿ 12 ಎದುರು ಪಕ್ಷಕ್ಕೆ ಕೊಟ್ಟರು. 2014ರಲ್ಲಿ 12. 2016ರಲ್ಲಿ 12. 2018ರಲ್ಲಿ ದೇಶವೇ ಡೆಮಾಕ್ರಟರ ಕಡೆ ವಾಲಿದರೂ ಇಲ್ಲಿ 12. 2020ರಲ್ಲೂ 12. ಗಡಿಯಾರವಾದರೂ ಹನ್ನೆರಡಾದ ಮೇಲೆ ಒಂದಕ್ಕೆ ಬರುತ್ತದೆ.

ಹಾಗೆ ಬರೆದ ಕ್ಷೇತ್ರಗಳ ಪೈಕಿ ಒಂಬತ್ತನೆಯದನ್ನು ನೀವು ನೋಡಬೇಕಿತ್ತು. ಟೊಲೆಡೊ ಊರಿನಿಂದ ಕ್ಲೀವ್‌ಲ್ಯಾಂಡ್‌ವರೆಗೆ ಈರಿ ಸರೋವರದ ದಂಡೆ ಹಿಡಿದು ಒಣಗಲು ಹಾಕಿದ ಪಂಚೆಯ ಅಂಚಿನ ಹಾಗೆ ಹೋಗುತ್ತಿತ್ತು. ಜನ ಅದಕ್ಕೆ 'ಕೆರೆ ಮೇಲಿನ ಹಾವು' ಅಂತ ಹೆಸರಿಟ್ಟರು. ಒಂದು ಕಡೆಯಂತೂ ಅದರ ಅಗಲ ಒಂದು ಸೇತುವೆಯಷ್ಟೇ. ಪ್ರಚಾರಕ್ಕೆ ಹೋದ ಅಭ್ಯರ್ಥಿ ಅಲ್ಲಿ ಕಾರಿನಿಂದ ಕೈ ಹೊರಗೆ ಚಾಚಿದರೆ ಕೈ ಪಕ್ಕದ ಕ್ಷೇತ್ರದಲ್ಲಿ. ಈ ಹಾವಿನ ಹೊಟ್ಟೆಯೊಳಗೆ ಇಬ್ಬರು ಹಾಲಿ ಡೆಮಾಕ್ರಟ್ ಸಂಸದರು, ಮಾರ್ಸಿ ಕ್ಯಾಪ್ಟರ್ ಮತ್ತು ಡೆನಿಸ್ ಕುಸಿನಿಚ್, ಒಟ್ಟಿಗೇ ಸೇರಿಹೋಗಿ ಒಂದು ಸೀಟಿಗೆ ತಮ್ಮತಮ್ಮಲ್ಲೇ ಗುದ್ದಾಡಬೇಕಾಯಿತು. ಕ್ಯಾಪ್ಟರ್ ಉಳಿದರು.

ವಿದ್ಯೆ ಸರಳ. ಎದುರು ಪಕ್ಷದ ಮತದಾರರನ್ನು ಒಂದೆರಡು ಕ್ಷೇತ್ರಗಳಿಗೆ ಹೋಳಿಗೆಯ ಹೂರಣದ ಹಾಗೆ ಒತ್ತಿ ತುಂಬು. ಮಿಕ್ಕವರನ್ನು ಒಗ್ಗರಣೆ ಸಾಸಿವೆಯ ಹಾಗೆ ಎಲ್ಲ ಕಡೆ ಚೆಲ್ಲು, ಎಲ್ಲೂ ಬಾಯಿಗೆ ಸಿಗಬಾರದು. ಇದಕ್ಕೆ ಜೆರ್ರಿಮ್ಯಾಂಡರ್ ಎಂದು ಹೆಸರು. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್‌ಬ್ರಿಜ್ ಗೆರ್ರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸಾಲಮ್ಯಾಂಡರ್ ಥರ, ಅಂದರೆ ನಮ್ಮ ಹಲ್ಲಿಯ ಥರ, ಕಂಡಿತಂತೆ. ಬಾಸ್ಟನ್ನಿನ ಪತ್ರಿಕೆ ಅದಕ್ಕೆ ಉಗುರು, ರೆಕ್ಕೆ ಬರೆದು ಅಚ್ಚು ಹಾಕಿತು. ಗೆರ್ರಿ ಮುಂದಿನ ವರ್ಷವೇ ದೇಶದ ಉಪರಾಷ್ಟ್ರಪತಿಯಾದ. ಹಲ್ಲಿ ಬಿದ್ದ ಫಲ ಅಂದರೆ ಅದು. (ಇದು ಒಂದೇ ಪಕ್ಷದ ಕಸುಬು ಅಂತ ಯಾರೂ ತಿಳಿಯಬೇಡಿ. ಮೇರಿಲ್ಯಾಂಡ್, ಇಲಿನಾಯ್ಸ್‌ಗಳಲ್ಲಿ ಡೆಮಾಕ್ರಟರು ಸಾಕಿದ ಹಲ್ಲಿಗಳೂ ದಷ್ಟಪುಷ್ಟವಾಗಿಯೇ ಇದ್ದವು.)

ಒಹಾಯೋ ಜನ ಸುಮ್ಮನಿರಲಿಲ್ಲ. 2015ರಲ್ಲೊಮ್ಮೆ, 2018ರಲ್ಲೊಮ್ಮೆ ಸುಧಾರಣೆಗೆ ಭಾರಿ ಬಹುಮತದಿಂದ ಮತ ಹಾಕಿದರು. ಏಳು ಜನರ ಆಯೋಗ ಬಂತು. ಏಳೂ ಜನ ರಾಜಕಾರಣಿಗಳೇ. ಅವರೂ ಶಾಸನಸಭೆಯೂ ಬರೆದ ನಕ್ಷೆಗಳನ್ನು ರಾಜ್ಯದ ಸುಪ್ರೀಂ ಕೋರ್ಟು ಶಾಸನಸಭೆಯ ಲೆಕ್ಕದಲ್ಲಿ ಐದು ಸಲ, ಕಾಂಗ್ರೆಸ್ಸಿನ ಲೆಕ್ಕದಲ್ಲಿ ಎರಡು ಸಲ, ಒಟ್ಟು ಏಳು ಸಲ ತಿರಸ್ಕರಿಸಿತು. ಎಸ್ಸೆಸ್ಸೆಲ್ಸಿಯಲ್ಲಿ ಏಳು ಸಲ ಫೇಲಾದವನನ್ನು ನಮ್ಮಲ್ಲಿ ಊರೇ ಆಡಿಕೊಳ್ಳುತ್ತದೆ. ಅಲ್ಲಿ ಫೇಲಾದ ನಕ್ಷೆಯಲ್ಲೇ 2022ರ ಚುನಾವಣೆ ನಡೆಸಿ, ಗೆದ್ದವರಿಗೆ ಪ್ರಮಾಣವಚನ ಬೋಧಿಸಿದರು. ತಿರಸ್ಕರಿಸಿದ ಮುಖ್ಯ ನ್ಯಾಯಮೂರ್ತಿ ಮೌರೀನ್ ಒ'ಕಾನರ್ ಸ್ವತಃ ರಿಪಬ್ಲಿಕನ್. ವಯಸ್ಸಾಗಿ ನಿವೃತ್ತರಾದ ಮೇಲೆ ಅವರೇ ನನ್ನ ಸೊಸೆಯಂಥವರ ಜೊತೆ ಬೀದಿಗಿಳಿದರು.

ಸಹಿ ಬೇಕಿದ್ದದ್ದು ನಾಲ್ಕು ಲಕ್ಷದ ಚಿಲ್ಲರೆ. ಸ್ವಯಂಸೇವಕರು, ಕೂಲಿಯವರು ಎಲ್ಲ ಸೇರಿ ಏಳು ಲಕ್ಷಕ್ಕೂ ಹೆಚ್ಚು ತಂದು ಸುರಿದರು. ಐದೂಕಾಲು ಲಕ್ಷಕ್ಕೂ ಹೆಚ್ಚು ಸಹಿ ಊರ್ಜಿತವಾದವು. ನಕ್ಷೆ ಕೈತಪ್ಪಿತು ಅಂತ ರಾಜಕಾರಣಿಗಳು ಅಳುತ್ತಾರೆ ಅಂದುಕೊಂಡಿದ್ದೆ. ಅವರ ಕೈಲಿ ಇನ್ನೊಂದು ಪೆನ್ನಿತ್ತು. ಮತಪತ್ರದಲ್ಲಿ ಪ್ರಸ್ತಾಪದ ಸಾರಾಂಶ ಬರೆಯುವ ಪೆನ್ನು. ಸಾರಾಂಶ ಒಪ್ಪುವ ಮಂಡಳಿಯ ಅಧ್ಯಕ್ಷರು ರಾಜ್ಯದ ಕಾರ್ಯದರ್ಶಿ ಫ್ರಾಂಕ್ ಲರೋಸ್. ಆ ಏಳು ಜನರ ಆಯೋಗದಲ್ಲೂ ಕೂತಿದ್ದವರು.

ಸಾರಾಂಶ ಹೀಗೆ ಬಂತು: ಇದು ಪಾಸಾದರೆ ಜೆರ್ರಿಮ್ಯಾಂಡರಿಂಗ್ ವಿರುದ್ಧ ಸಂವಿಧಾನ ಕೊಟ್ಟ ರಕ್ಷಣೆ ರದ್ದಾಗುತ್ತದೆ, ತೆರಿಗೆದಾರರ ದುಡ್ಡಿನಲ್ಲಿ ಹೊಸ ಆಯೋಗ ಬರುತ್ತದೆ, ಅದು ಕ್ಷೇತ್ರಗಳನ್ನು ಜೆರ್ರಿಮ್ಯಾಂಡರ್ ಮಾಡಲೇಬೇಕು. ಕಳ್ಳತನವಾಗಿದೆ ಅಂತ ಠಾಣೆಗೆ ಹೋದರೆ ಕಳ್ಳನೇ ಕುರ್ಚಿಯಲ್ಲಿ ಕೂತು ಎಫ್‌ಐಆರ್ ಬರೆದು, "ಆರೋಪಿ: ಮನೆ ಯಜಮಾನ. ಬಾಗಿಲಿಗೆ ಬೀಗ ಹಾಕುವ ದುರುದ್ದೇಶ ಹೊಂದಿದ್ದನು" ಅಂತ ಓದಿ ಹೇಳಿದ ಹಾಗೆ. ಎರಡು ಪಕ್ಷಗಳಿಗೆ ಅವು ಪಡೆದ ಮತಕ್ಕೆ ತಕ್ಕಷ್ಟು ಸೀಟು ಸಿಗುವಂತೆ ನೋಡಿಕೊಳ್ಳುವುದೂ ಪಕ್ಷಪಾತವೇ ತಾನೆ ಅನ್ನುವುದು ತರ್ಕ. ಸಹಿ ತಂದವರು ಕೋರ್ಟಿಗೆ ಹೋದರು. ಅಷ್ಟರಲ್ಲಿ ನ್ಯಾಯಪೀಠದ ಮುಖಗಳು ಬದಲಾಗಿದ್ದವು. ಸಣ್ಣಪುಟ್ಟ ತಿದ್ದುಪಡಿ ಹೇಳಿ, 'ಜೆರ್ರಿಮ್ಯಾಂಡರ್' ಪದವನ್ನು ಹಾಗೆಯೇ ಬಿಟ್ಟರು.

ಮುಂದಿನದು ತಮಾಷೆ. ಪರವಾಗಿದ್ದವರ ಮನೆ ಮುಂದೆ ಬೋರ್ಡು: ಜೆರ್ರಿಮ್ಯಾಂಡರಿಂಗ್ ನಿಲ್ಲಿಸಿ, 'ಯೆಸ್' ಒತ್ತಿ. ವಿರೋಧಿಗಳ ಮನೆ ಮುಂದೆ ಬೋರ್ಡು: ಜೆರ್ರಿಮ್ಯಾಂಡರಿಂಗ್ ನಿಲ್ಲಿಸಿ, 'ನೋ' ಒತ್ತಿ. ಇಡೀ ರಾಜ್ಯವೇ ಹಲ್ಲಿಯ ವಿರುದ್ಧ ಒಗ್ಗಟ್ಟಾಯಿತು. ನವೆಂಬರ್ 5ರಂದು ಸುಮಾರು ನೂರಕ್ಕೆ 54 ಮತಗಳಿಂದ ಹಲ್ಲಿ ಗೆದ್ದಿತು.

ಆ ವಾರ ಸೊಸೆಗೆ ಅಂಗಡಿಯಲ್ಲಿ ಒಬ್ಬ ಮುದುಕರು ಸಿಕ್ಕರಂತೆ. ಏಪ್ರಿಲ್‌ನಲ್ಲಿ ಇವಳ ಪ್ಯಾಡಿನ ಮೇಲೆ ಸಹಿ ಹಾಕಿ, ಚಳಿ ಇದೆ ಅಂತ ಕಾಫಿಯನ್ನೂ ಕೊಡಿಸಿದ್ದವರು. ಗುರುತು ಹಿಡಿದು ಕೈ ಕುಲುಕಿ, "ನೀನು ಹೇಳಿದ ಹಾಗೇ ಆ ಮೋಸ ನಿಲ್ಲಿಸಿಬಿಟ್ಟೆ ಮಗಳೇ, ನೋ ಒತ್ತಿ ಬಂದೆ" ಅಂದರಂತೆ. ಇವಳು ಥ್ಯಾಂಕ್ಸ್ ಹೇಳಿ, ಹಾಲಿನ ಕ್ಯಾನು ಎತ್ತಿಕೊಂಡು ಕಾರಿನಲ್ಲಿ ಕೂತು ನನಗೆ ಫೋನು ಮಾಡಿದಳು.

"ಮಾಮ, ಅಜ್ಜಿ ಹತ್ರ ಪಂಚಾಂಗ ಇದೆಯಲ್ಲ. ತಲೆ ಮೇಲೆ ಹಲ್ಲಿ ಬಿದ್ರೆ ಏನು ಫಲ, ನೋಡಿ ಹೇಳು."

"ನೋಡೋದೇನು ಬಂತು ತಾಯಿ, ನಿಮ್ಮೂರಲ್ಲಿ ಪಂಚಾಂಗ ಬರೆಯೋದೂ ಹಲ್ಲಿನೇ. ಶುಭ ಅಂತಲೇ ಇರುತ್ತೆ."