ಸತ್ಯಾಂಶ: ಶುಗರ್ ಮಿತಿ ಇಳಿಸಿದ್ದು ಮಾತ್ರೆ ಮಾರೋಕಾ?

ತೀರ್ಥಹಳ್ಳಿ, ಹೊಸನಗರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜ್ ಓಡಾಡುತ್ತಿದೆ: 'ಮೊದಲು ಶುಗರ್ ಮಿತಿ 200 ಇತ್ತು. ಮಾತ್ರೆ ಮಾರಲು 126ಕ್ಕೆ ಇಳಿಸಿದರು. ತೋಟದಲ್ಲಿ ದುಡಿದು ಬೆಲ್ಲ ತಿನ್ನುವ ಮಲೆನಾಡಿನವರಿಗೆ ಸುಮ್ನೆ ಹೆದರಿಸುತ್ತಾರೆ.'

ಇಲ್ಲಿ ಎರಡು ಬೇರೆ ಅಳತೆಗಳು ಕಲಸಿಹೋಗಿವೆ. 200 ಅನ್ನುವುದು ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರದ ಮಿತಿ. ಅದು ಇವತ್ತಿಗೂ ಹಾಗೇ ಇದೆ. ಖಾಲಿ ಹೊಟ್ಟೆಯ ಮಿತಿಯನ್ನು 1997ರಲ್ಲಿ ಅಮೆರಿಕದ ಮಧುಮೇಹ ಸಂಘ 140ರಿಂದ 126ಕ್ಕೆ ಇಳಿಸಿದ್ದು ನಿಜ. 140 ಮುಟ್ಟುವ ಮೊದಲೇ ಕಣ್ಣಿನ ಒಳಪದರಕ್ಕೆ ಹಾನಿ ಶುರುವಾಗುವುದು ಕಂಡಿತ್ತು.

ಪರೀಕ್ಷೆ ಜಾಸ್ತಿಯಾದರೆ ರೋಗಿಗಳ ಲೆಕ್ಕವೂ ಏರುತ್ತದೆ, ಅದು ಸರಿ. ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದ್ದಲ್ಲ. ಹಳ್ಳಿ, ಪೇಟೆ ಎರಡರಲ್ಲೂ ಜನರನ್ನು ಆರಿಸಿ ರಕ್ತ ನೋಡಿದರು. ದೇಶದ ವಯಸ್ಕರಲ್ಲಿ 11.4% ಮಂದಿಗೆ ಮಧುಮೇಹ, ಅಂದರೆ ಸುಮಾರು 10 ಕೋಟಿ ಜನ! ಇನ್ನೂ 15.3% ಮಂದಿ ಮಧುಮೇಹದ ಅಂಚಿನಲ್ಲಿದ್ದಾರೆ.

ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ. ಮೈಮುರಿದು ದುಡಿಯುವುದು ಒಳ್ಳೆಯದೇ, ಆದರೆ ಅದೊಂದೇ ಕಾಪಾಡುವುದಿಲ್ಲ. ಎಷ್ಟೋ ಜನರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣುವುದಿಲ್ಲ ಅಲ್ವಾ, ನನಗೆ ಆತಂಕ ಅದರದ್ದೇ.

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಉಚಿತ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಜಾಸ್ತಿ ಬಂದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ.