ಕೋತಿ ಕೈಗೆ ಸಿಕ್ಕ ವೈಪ್ಸ್

ನಮ್ಮ ಕೋಲಾರದ ಅಂತರಗಂಗೆ ಬೆಟ್ಟದಿಂದ ಈಗಷ್ಟೇ ಇಳಿದು ಬಂದೆ. ಕಾಲು ನೋಯ್ತಿದೆ, ತಲೆ ಅದಕ್ಕಿಂತ ಜಾಸ್ತಿ ಕಾದಿದೆ. ಬರೆದು ಬಿಡ್ತೀನಿ, ಇಲ್ಲದಿದ್ರೆ ಮನೆಯವರ ಮೇಲೆ ಹೋಗುತ್ತೆ.

ದೇವಸ್ಥಾನದ ಕಲ್ಯಾಣಿ ಪಕ್ಕ ಕೂತಿದ್ದೆ. ಕಲ್ಲಿನ ಬಸವನ ಬಾಯಿಂದ ನೀರು ತನ್ನ ಪಾಡಿಗೆ ಬೀಳ್ತಿತ್ತು. ನಾಲ್ಕು ಹೆಜ್ಜೆ ಆಚೆ ಒಂದು ಚಿಕ್ಕ ಸಂಸಾರ. ಮಗುಗೆ ಎಂಟು ತಿಂಗಳಿರಬೇಕು. ಮೂಗು, ಹುಬ್ಬು, ಕಿವಿ, ಎಲ್ಲಾ ಕಡೆ ಬಾಳೆಹಣ್ಣು. ಆ ತಾಯಿ ಬ್ಯಾಗಿನಿಂದ ವೈಪ್ಸ್ (ಮಗು ಒರೆಸೋ ಒದ್ದೆ ಹಾಳೆ) ಪ್ಯಾಕೆಟ್ ತೆಗೆದು ಒಂದಾದ ಮೇಲೊಂದು ಎಳೆದಳು. ನಾನು ಎಣಿಸಿದೆ, ಐದು. ಐದೂ ಪೊದೆಗೆ ಹೋದವು. ಏನಾದರೂ ಹೇಳೋಣ ಅಂತ ಬಾಯಿ ತೆಗೆಯುವಷ್ಟರಲ್ಲಿ ಕೋತಿಯೊಂದು ಪ್ಯಾಕೆಟ್ಟನ್ನೇ ಕಿತ್ತುಕೊಂಡು ಮರ ಹತ್ತಿತು. ಕೊಂಬೆ ಮೇಲೆ ಕೂತು ಒಂದು ಎಳೆಯಿತು, ಮೂಸಿತು, ಮುಖ ಕಿವುಚಿ ಕೆಳಗೆ ಬಿಟ್ಟಿತು. ಮತ್ತೊಂದು ಎಳೆಯಿತು. ಅದನ್ನೂ ಬಿಟ್ಟಿತು.

ನನ್ನ ಬ್ಯಾಗಲ್ಲಿ ಯಾವಾಗಲೂ ಬಟ್ಟೆ ಚೌಕಗಳು ಇರುತ್ತವೆ, ವೈಪ್ಸ್ ಬದಲು ಮಗು ಒರೆಸೋಕೆ ಹಳೇ ಬಟ್ಟೆಯಲ್ಲಿ ನಾನೇ ಹೊಲಿದದ್ದು. ಒಂದು ಒಗೆದಿದ್ದು ತೆಗೆದು "ತಗೊಳ್ಳಮ್ಮ, ನೀರು ಮುಟ್ಟಿಸಿ ಒರೆಸು" ಅಂದೆ. ಅವಳು ಎರಡು ಬೆರಳಲ್ಲಿ ಅದರ ಮೂಲೆ ಹಿಡಿದು ನೋಡಿ, "ಪರವಾಗಿಲ್ಲ ಆಂಟಿ, ಪಾಪುಗೆ ಹಳೇ ಬಟ್ಟೆ ಎಲ್ಲಾ ಯೂಸ್ ಮಾಡಲ್ಲ" ಅಂದಳು. ಆಮೇಲೆ ಗಂಡನ ಪ್ಯಾಂಟ್ ಜೇಬಿನಿಂದ ಕರ್ಚೀಫ್ ಎಳೆದು, ಬಾಟಲಿ ನೀರಲ್ಲಿ ನೆನೆಸಿ ಮಗು ಮುಖ ಒರೆಸಿದಳು. ಅಷ್ಟು ಮೆಟ್ಟಿಲು ಹತ್ತಿದ ಗಂಡಸಿನ ಬೆವರು ಒರೆಸಿದ ಕರ್ಚೀಫ್ ಅದು! (ಆಂಟಿ ಅಂದಿದ್ದಕ್ಕೂ ಸಿಟ್ಟು ಬಂತು. ಒಪ್ಕೋತೀನಿ.)

ಹಳೇ ಬಟ್ಟೆ. ಇದೇ ನನ್ನ ತಕರಾರು. ಹಳೇದು ಅನ್ನೋದೇ ಅದರ ಗುಣ ಅಲ್ವಾ? ನಮ್ಮ ಕಡೆ ಹುಟ್ಟಿದ ಮಗುವಿಗೆ ಮೊದಲು ಸುತ್ತುತ್ತಿದ್ದದ್ದೇ ಹಳೇ ಸೀರೆ, ಹಳೇ ಪಂಚೆ. ಹೊಸ ಕಾಟನ್‌ನಲ್ಲಿ ಗಂಜಿ ಇರುತ್ತೆ, ನೀರು ಹಾಕಿದರೆ ಕುಡಿಯಲ್ಲ, ಮೇಲೇ ಜಾರುತ್ತೆ. ಇಪ್ಪತ್ತು ವರ್ಷ ಹೊಲಿಗೆ ಮೆಷಿನ್ ಮುಂದೆ ಕೂತವಳು ಹೇಳ್ತಿದ್ದೀನಿ, ಇನ್ನೂರು ಸಲ ಒಗೆದ ಪಂಚೆಯಷ್ಟು ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲೂ ಸಿಗಲ್ಲ. ಅಂಗಡಿ ವೈಪ್ಸ್ ನೋಡೋಕೆ ಬಟ್ಟೆ ಥರ, ಆದರೆ ಎಷ್ಟೋ ಬ್ರಾಂಡ್‌ಗಳಲ್ಲಿ ಇರೋದು ಪಾಲಿಯೆಸ್ಟರ್ ಇಲ್ಲಾ ಪಾಲಿಪ್ರೊಪಿಲಿನ್. ಅಂದ್ರೆ ಪ್ಲಾಸ್ಟಿಕ್. ಅಂತರಗಂಗೆ ಪೊದೆಯಲ್ಲಿ ಆ ಐದು ನನಗಿಂತ ಹೆಚ್ಚು ದಿನ ಬಾಳುತ್ತವೆ.

ನಾನೇನು ಸಾಚಾ ಅಲ್ಲ. ದೊಡ್ಡವನು ಹುಟ್ಟಿದಾಗ ಡಬ್ಬಗಟ್ಟಲೆ ವೈಪ್ಸ್ ತಂದವಳು ನಾನೇ. ಅಮ್ಮ ಹಳೇ ಸೀರೆ ಹರಿದುಕೊಟ್ಟರೆ "ಇದೆಲ್ಲಾ ಈಗ ಯಾರು ಮಾಡ್ತಾರೆ" ಅಂತ ಮೂಲೆಗೆ ಎಸೆದಿದ್ದೆ. ಮೂರನೇ ವಾರಕ್ಕೆ ಮಗು ತೊಡೆ ಸಂದಿ ಕೆಂಪಗೆ, ಮುಟ್ಟಿದರೆ ಅಳು. ಡಾಕ್ಟರು ನೋಡಿದವರೇ "ಎಲ್ಲಾ ನಿಲ್ಲಿಸಿ, ಬೆಚ್ಚಗಿನ ನೀರು, ಹತ್ತಿ, ಅಷ್ಟೇ" ಅಂದರು. ಸೀರೆ ಚೂರು ಹುಡುಕಿದೆ. ಅಮ್ಮ ಅದನ್ನೂ ಮಡಚಿ ಇಟ್ಟಿದ್ದಳು. ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಬುದ್ಧಿ ಬಂತು ಅಂದ್ಕೊಂಡ್ರಾ? ಇಲ್ಲ. ಎರಡನೆಯವಳಿಗೆ ಯೂಟ್ಯೂಬ್ ನೋಡಿ "ನ್ಯಾಚುರಲ್ ಸೊಲ್ಯೂಷನ್" ಮಾಡಿದೆ. ಅಲೋವೆರಾ, ಟೀ ಟ್ರೀ ಎಣ್ಣೆ, ಅಡುಗೆ ಸೋಡಾ. ಚೌಕಗಳನ್ನು ಅದರಲ್ಲಿ ನೆನೆಸಿ ಡಬ್ಬಕ್ಕೆ ತುಂಬಿ ಹೆಮ್ಮೆಯಿಂದ ಕಪಾಟಿನಲ್ಲಿಟ್ಟೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ, ಬಟ್ಟೆ ಮೇಲೆ ಕಪ್ಪು ಚುಕ್ಕೆ. ಕೆಡದಂತೆ ಕಾಯೋ ಪ್ರಿಸರ್ವೇಟಿವ್ ಇಲ್ಲದ ನೀರಿನಲ್ಲಿ ಬೂಷ್ಟು ಬೆಳೆಯದೆ ಮಲ್ಲಿಗೆ ಬೆಳೆಯುತ್ತಾ? ಆ ಎಣ್ಣೆ ಎಳೆ ಚರ್ಮಕ್ಕೆ ಉರಿ, ಸೋಡಾ ಕ್ಷಾರ. ನ್ಯಾಚುರಲ್ ಅಂದ ಮಾತ್ರಕ್ಕೆ ಮಗುಗೆ ಆಗುತ್ತೆ ಅಂತಿಲ್ಲ. ಮೆಣಸಿನಕಾಯಿನೂ ನ್ಯಾಚುರಲ್ಲೇ.

ಈಗ ನಾನು ಹೇಳೋ ರೆಸಿಪಿ ಕೇಳಿದರೆ ನಗ್ತೀರಿ. ನೀರು. ಕುದಿಸಿ ಆರಿಸಿದ ನೀರು. ಚರ್ಮ ಒಣಗಿದ್ದರೆ ಒಂದು ಲೋಟಕ್ಕೆ ಅರ್ಧ ಚಮಚ ಕೊಬ್ಬರಿ ಎಣ್ಣೆ, ಬಳಸುವಾಗೆಲ್ಲ ಕುಲುಕಬೇಕು, ಅವತ್ತಿಂದು ಅವತ್ತೇ ಮುಗಿಸಬೇಕು. ಚೌಕಗಳನ್ನು ನೆನೆಸಿಡಬೇಡಿ. ಒಣಗಿದ್ದನ್ನೇ ಇಟ್ಟುಕೊಂಡು ಬೇಕಾದಾಗ ಅದ್ದಿ. ಎಂಟು ಇಂಚಿನ ಚೌಕ, ಎರಡು ಪದರ, ಸುತ್ತ ಓವರ್‌ಲಾಕ್, ಅಂದ್ರೆ ದಾರ ಬಿಚ್ಚದಂತೆ ಅಂಚು ಸುತ್ತಿ ಹಾಕೋ ಹೊಲಿಗೆ. ಅಂಚು ಹೊಲಿಯದೆ ಬಿಟ್ಟರೆ ದಾರ ಬಿಚ್ಚಿಕೊಂಡು ಮಗು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳಬಹುದು, ಅದು ತಮಾಷೆ ಅಲ್ಲ. ಮುಖಕ್ಕೆ ಬಿಳಿ, ಕೆಳಗೆ ಬಣ್ಣದ್ದು, ಅದಲುಬದಲಾಗಬಾರದು. ಹೆಣ್ಣು ಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಿ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್ನರ್ ಹಾಕಬೇಡಿ, ಬಟ್ಟೆ ನೀರು ಹೀರೋದು ಕಡಿಮೆಯಾಗುತ್ತೆ. ನಮ್ಮ ಬೋರ್ ನೀರಿನ ಗಡಸುತನಕ್ಕೆ ಬಟ್ಟೆ ಹಪ್ಪಳ ಆಗುತ್ತೆ, ಕೊನೇ ಜಾಲಾಡಿಕೆಗೆ ಒಂದು ಚಮಚ ವಿನೆಗರ್ ಹಾಕಿ. ಆಮೇಲೆ ಕೋಲಾರದ ಬಿಸಿಲು ಇದ್ದೇ ಇದೆ, ಅದಕ್ಕೆ ಮಾತ್ರ ನಮ್ಮಲ್ಲಿ ಬರ ಇಲ್ಲ.

"ಅಕ್ಕಾ, ಕುಡಿಯೋಕೇ ನೀರಿಲ್ಲ, ಇದನ್ನೆಲ್ಲಾ ಒಗೆಯೋಕೆ ಎಲ್ಲಿಂದ ತರೋದು?" ಅಂತ ಕಾಮೆಂಟ್ ಹಾಕೋರು ಬರ್ತೀರಿ, ಗೊತ್ತು. ಸಾವಿರ ಅಡಿ ಬೋರು ಕೊರೆಸಿ ಧೂಳು ನೋಡಿದ ಮನೆ ನಮ್ಮದೂ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಾಗ, ಅಂತೂ ಕೆರೆಯಲ್ಲಿ ನೀರು ಕಂಡೆವಲ್ಲಾ ಅಂತ ಖುಷಿಪಟ್ಟ ಜಿಲ್ಲೆ ನಮ್ಮದು. ನೀರಿನ ಪಾಠ ನನಗೆ ಬೇಡ. ಹದಿನೈದು ಚೌಕಕ್ಕೆ ಮನೇಲಿ ಅಳೆದಿದ್ದೀನಿ, ಒಂದು ಬಕೆಟ್. ಕೊನೇ ನೀರು ನುಗ್ಗೆ ಗಿಡಕ್ಕೆ. ಪ್ಯಾಕೆಟ್ ವೈಪ್ಸ್ ಒದ್ದೆಯಾಗಿರೋದು ಯಾವುದರಿಂದ ಅಂದ್ಕೊಂಡ್ರಿ? ಅದೂ ಬಹುಪಾಲು ನೀರೇ, ನೀವು ದುಡ್ಡು ಕೊಟ್ಟು ತಂದಿದ್ದು. ಇನ್ನು "ಯಾರು ಒಗೀತಾರೆ" ಅನ್ನೋ ಪ್ರಶ್ನೆಗೆ ಉತ್ತರ ಆ ಕರ್ಚೀಫ್ ಯಜಮಾನರ ಹತ್ತಿರ ಇದೆ.

ಬಿದ್ದಿದ್ದನ್ನೆಲ್ಲ ಆರಿಸಿ ಕವರ್‌ಗೆ ತುಂಬಿದೆ. ಅವಳ ಐದು, ಕೋತಿಯ ಹನ್ನೊಂದು. ಮಿಕ್ಕ ಪ್ಯಾಕೆಟ್ ಇನ್ನೂ ಮರದ ಮೇಲೇ ಇದೆ.

ಅಂದಹಾಗೆ, ತಂಗಿ ಸೊಸೆಗೆ ಮುಂದಿನ ತಿಂಗಳು ದಿನ ತುಂಬುತ್ತೆ, ಮೂವತ್ತು ಚೌಕ ಹೊಲೀಬೇಕು. ಮನೇಲಿ ಹಳೇ ಪಂಚೆ ಇದ್ದೋರು ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ. ಜರಿ ಅಂಚು ಕತ್ತರಿಸಿ ನೀವೇ ಇಟ್ಕೊಳ್ಳಿ, ಅದು ಚುಚ್ಚುತ್ತೆ.