ದವಡೆಯ ಕೀಲು ಮತ್ತು ಅರಿವಳಿಕೆ: ನಮ್ಮ ಮನೆಯ ಎರಡು ಅನುಭವ

ದವಡೆಯ ಕೀಲಿನ ಚಿಕಿತ್ಸೆಗೆಂದು ಕೇರಳದ ಗಡಿಭಾಗದಲ್ಲಿರುವ ನಮ್ಮ ಬದಿಯಡ್ಕದಿಂದ ಮಂಗಳೂರಿಗೆ ಹೋದಾಗ ನಾನು ವೈದ್ಯರಲ್ಲಿ ಮೊದಲು ಕೇಳಿಕೊಂಡದ್ದು, ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಿ ಎಂದು. ಅವರು ನಕ್ಕು, “ಕೀಲು ತೊಳೆಯುವುದಕ್ಕೆ ಅಷ್ಟೆಲ್ಲ ಬೇಡ ಮಾರಾಯ್ರೇ, ಬಾಯಿ ತೆರೆಯಿರಿ ಅಂದಾಗ ನೀವೇ ತೆರೆಯಬೇಕು” ಎಂದರು. ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ನನ್ನ ತಂಗಿಯ ಶಸ್ತ್ರಚಿಕಿತ್ಸೆಯನ್ನು ಹತ್ತಿರದಿಂದ ನೋಡಿದ ಮೇಲೆ.

ನನಗೆ ಮಾಡಿದ್ದು ಆರ್ತ್ರೊಸೆಂಟೆಸಿಸ್. ಕಿವಿಯ ಮುಂದೆ ಎರಡು ಸೂಜಿ ಚುಚ್ಚಿ, ಒಂದರಿಂದ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರವವನ್ನು ಒಳಗೆ ಬಿಟ್ಟು, ಇನ್ನೊಂದರಿಂದ ಹೊರಗೆ ಹರಿಸಿ ಕೀಲಿನ ಒಳಭಾಗವನ್ನು ತೊಳೆಯುವ ಈ ವಿಧಾನವನ್ನು ದವಡೆಯ ಕೀಲಿಗೆಂದು ಶಸ್ತ್ರವೈದ್ಯೆ ಡಾರಿಟ್ ನಿತ್ಸಾನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಇದಕ್ಕೆ ಸಾಮಾನ್ಯವಾಗಿ ಸಾಕು. ಎಚ್ಚರವಿದ್ದ ಕಾರಣ ವೈದ್ಯರು ಹೇಳಿದಂತೆ ದವಡೆಯನ್ನು ಆಡಿಸಿದೆ, ಹಲ್ಲು ಸರಿಯಾಗಿ ಕೂರುತ್ತದೆಯೇ ಎಂದು ಅಲ್ಲಿಯೇ ನೋಡಿದರು, ಸಂಜೆಯೊಳಗೆ ಮನೆಗೆ ಬಂದು ಗಂಜಿ ಕುಡಿದೆ. ಒಂದೇ ಗಾಬರಿಯೆಂದರೆ ಬಲಗಣ್ಣಿನ ರೆಪ್ಪೆ ಮುಚ್ಚಲಿಲ್ಲ. ಮದ್ದು ಪಕ್ಕದಲ್ಲೇ ಹಾದುಹೋಗುವ ಮುಖದ ನರಕ್ಕೂ ಹರಡಿದರೆ ಹೀಗಾಗುತ್ತದೆ, ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ ಎಂದು ಹೇಳಿ ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿದರು. ಸರಿಯೂ ಹೋಯಿತು. ಆದರೆ ಸೂಜಿ ಚುಚ್ಚುವ ಮೊದಲೇ ಒಂದು ಮಾತು ಹೇಳಿದ್ದರೆ, ಗಡಿಯ ತಲಪಾಡಿ ದಾಟುವವರೆಗೂ ಪಕ್ಷವಾತವಾಯಿತೆಂದು ನನ್ನ ಹೆಂಡತಿ ಅಳಬೇಕಾಗಿರಲಿಲ್ಲ.

ತಂಗಿಯದು ಬೇರೆಯೇ ಕಥೆ. ಚಿಕ್ಕಂದಿನಲ್ಲಿ ಗದ್ದ ಬಡಿದು ಬಿದ್ದು, ಕೀಲಿನ ಮೂಳೆಗಳು ಒಂದಕ್ಕೊಂದು ಬೆಸೆದು, ಬಾಯಿಗೆ ಒಂದು ಬೆರಳೂ ಹೋಗುತ್ತಿರಲಿಲ್ಲ. ಆ ಮೂಳೆಯನ್ನು ಕತ್ತರಿಸಿ ಬಿಡಿಸಲು ಪೂರ್ಣ ಅರಿವಳಿಕೆಯೇ ಬೇಕು. ಆದರೆ ಬಾಯಿ ತೆರೆಯದವರಿಗೆ ಅದನ್ನು ಕೊಡುವುದೇ ಕಷ್ಟ, ಏಕೆಂದರೆ ಉಸಿರಾಟದ ಕೊಳವೆಯನ್ನು ಬಾಯಿಯಿಂದ ಇಳಿಸುವಂತಿಲ್ಲ. ಅವಳು ಅರೆ ಎಚ್ಚರದಲ್ಲಿರುವಾಗಲೇ ಬಾಗುವ ಕ್ಯಾಮೆರಾ ನಳಿಕೆಯ ಸಹಾಯದಿಂದ ಮೂಗಿನ ಮೂಲಕ ಇಳಿಸಿದರು. (ಅಡಿಕೆ ಜಗಿದು ಕೆನ್ನೆ ಬಿಗಿದವರಿಗೂ ಇದೇ ತೊಂದರೆ ಬರಬಹುದು. ನಮ್ಮ ಅಡಿಕೆ ಸೀಮೆಯವರು ಅರಿವಳಿಕೆ ವೈದ್ಯರಿಂದ ಈ ಅಭ್ಯಾಸವನ್ನು ಮುಚ್ಚಿಡಬಾರದು.)

ಎಚ್ಚರವಾದ ಮೇಲೆ ಗಂಟಲು ನೋವು, ಮೂಗಿನಲ್ಲಿ ರಕ್ತ, ರಾತ್ರಿಯಿಡೀ ವಾಂತಿ. ವಾಂತಿಯನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರೊಂದಿಗೆ ನನಗೆ ತಕರಾರಿದೆ. ಈ ಶಸ್ತ್ರಚಿಕಿತ್ಸೆಯ ಫಲ ನಿಂತಿರುವುದು ಬಾಯಿ ತೆರೆಯುವ ವ್ಯಾಯಾಮವನ್ನು ಬೇಗ ಆರಂಭಿಸಿ ತಿಂಗಳುಗಟ್ಟಲೆ ಬಿಡದೆ ಮಾಡುವುದರ ಮೇಲೆ. ಬಿಟ್ಟರೆ ಮೂಳೆ ಮತ್ತೆ ಬೆಸೆಯಬಹುದು. ಹೊಟ್ಟೆ ತೊಳಸುವವಳು, ನೋವಿನಲ್ಲಿ ಹಲ್ಲು ಕಚ್ಚಿದವಳು ದವಡೆಯನ್ನು ಎಲ್ಲಿ ಆಡಿಸಿಯಾಳು? ಪ್ರಜ್ಞೆ ತಪ್ಪಿಸುವ ಅನಿಲದ ಬದಲು ಪ್ರೊಪೊಫಾಲ್ ಎಂಬ ಮದ್ದನ್ನು ರಕ್ತನಾಳದ ಮೂಲಕ ಹರಿಸುತ್ತಾ ನಿದ್ದೆಯಲ್ಲಿಟ್ಟರೆ ವಾಂತಿ ಕಡಿಮೆಯಾಗುತ್ತದೆ. ಗಾಯ ಹೊಲಿಯುವಾಗ ಬ್ಯುಪಿವಕೇನ್‌ನಂಥ ಹೆಚ್ಚು ಹೊತ್ತು ಕೆಲಸ ಮಾಡುವ ಮರಗಟ್ಟಿಸುವ ಮದ್ದನ್ನು ಅಲ್ಲಿಗೆ ಕೊಟ್ಟರೆ ಮೊದಲ ಕೆಲವು ಗಂಟೆಗಳ ನೋವು ತಗ್ಗುತ್ತದೆ, ವಾಂತಿ ತರಿಸುವ ಮಾರ್ಫಿನ್ ಜಾತಿಯ ಮದ್ದುಗಳೂ ಕಡಿಮೆ ಸಾಕಾಗುತ್ತವೆ. ಹಾಗಾಗಿ ಪೂರ್ಣ ಅರಿವಳಿಕೆ ಎಂಬ ಒಂದೇ ಹೆಸರಿನ ಒಳಗೂ ಆಯ್ಕೆಗಳಿವೆ, ಅವುಗಳ ಬಗ್ಗೆ ಹಿಂದಿನ ದಿನವೇ ಕೇಳಲು ರೋಗಿಗೆ ಹಕ್ಕಿದೆ ಎಂಬುದು ನನ್ನ ಅಭಿಪ್ರಾಯ. ನನಗೆ ಮಾಡಿದಂಥ ಸಣ್ಣ ಚಿಕಿತ್ಸೆಗೂ ತೀರಾ ಹೆದರುವವರಿಗೆ ನಡುವಿನ ದಾರಿಯಾಗಿ ಮಂಪರು ಬರಿಸುವುದೂ ಉಂಟು. ಜೊತೆಗೊಬ್ಬರು ಇರಬೇಕು, ಆ ದಿನ ವಾಹನ ಓಡಿಸಬಾರದು.

ತಂಗಿ ಏಕೆ ಕೇಳಲಿಲ್ಲ? ಅವಳ ಮುಂದಿಟ್ಟ ಒಪ್ಪಿಗೆ ಪತ್ರ ಮಲಯಾಳದಲ್ಲಿತ್ತು, ಕನ್ನಡ ಮಾಧ್ಯಮದಲ್ಲಿ ಓದಿದ ಅವಳು ಬೆರಳು ತೋರಿಸಿದಲ್ಲಿ ಸಹಿ ಹಾಕಿದಳು. ಗಡಿಯಲ್ಲಿ ಬದುಕುವ ನಮಗೆ ಇದು ಹೊಸತೇನಲ್ಲ, ಆದರೆ ಉಸಿರಾಟದ ಕೊಳವೆಯ ವಿಷಯ ರೇಷನ್ ಕಾರ್ಡಿನ ಅರ್ಜಿಯಂಥದ್ದಲ್ಲ.

ಈಗ ಅವಳು ದಿನಕ್ಕೆ ಐದಾರು ಸಲ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತೂರಿಸಿಕೊಂಡು ಕೂರುತ್ತಾಳೆ. ಮೊದಲ ವಾರ 6 ಕಡ್ಡಿಯಿಂದ ಮೇಲೆ ಹೋಗಲಿಲ್ಲ. ನಿನ್ನೆ 17 ಎಣಿಸಿದೆವು.